ಹೊಟ್ಟೆಚೀಲದ ಕಥಾನಾಯಕರು



ಕಥೆಯಲ್ಲಿ ಬರುವ ಪ್ರಾಣಿ ಎಂದೊಡನೆ ನಿಮಗೆ ಯಾವುದು ನೆನಪಾಗುತ್ತದೆ? ಪುಣ್ಯಕೋಟಿ ಎಂಬ ಹಸು, ಪಂಚತಂತ್ರದ ಕರಟಕ–ದಮನಕರೆಂಬ ನರಿಗಳು, ಮೊಸಳೆಯ ಬೆನ್ನೇರಿ ಹೋಗಿ ಉಪಾಯದಿಂದ ಪಾರಾಗಿ ಬಂದ ಕೋತಿ. ಇವೆಲ್ಲ ನಮ್ಮ ಊರು, ಹೊಲ, ಕಾಡುಗಳಲ್ಲಿ ಇರುವಂಥವೇ. ಜನರು ತಾವು ಕಂಡ ಪ್ರಾಣಿಗಳಿಂದಲೇ ಕಥೆ ಕಟ್ಟುತ್ತಾರೆ. ಹಾಗಿದ್ದರೂ ಭಾರತದ ಯಾವ ಕಾಡಿನಲ್ಲೂ ಇಲ್ಲದ ಒಂದು ಪ್ರಾಣಿಯ ಹೆಸರು ನಿಮಗೆಲ್ಲ ಗೊತ್ತು. ಆಸ್ಟ್ರೇಲಿಯ ತಂಡ ಕ್ರಿಕೆಟ್ ಆಡಿದ ಮರುದಿನ ಪತ್ರಿಕೆಯ ಆಟದ ಪುಟವನ್ನು ತೆರೆಯಿರಿ. ಅಲ್ಲಿ ಆ ಆಟಗಾರರನ್ನು 'ಕಾಂಗರೂಗಳು' ಎಂದೇ ಕರೆದಿರುತ್ತಾರೆ.

ಕಾಂಗರೂ ಮತ್ತು ಅದರ ಬಂಧುಗಳು ಕಥೆ, ಚಲನಚಿತ್ರ, ದೂರದರ್ಶನ ಮತ್ತು ವಿಡಿಯೋ ಆಟಗಳಲ್ಲಿ ಯಾವ ಯಾವ ವೇಷ ಧರಿಸಿ ಬಂದಿವೆ, ಆ ವೇಷಗಳಿಂದ ನಿಜವಾದ ಪ್ರಾಣಿಗಳಿಗೆ ಏನಾಯಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚೀಲದ ಗುಟ್ಟು

ಮೊದಲು ಸ್ವಲ್ಪ ವಿಜ್ಞಾನ. ಕಾಂಗರೂ, ಕೊಆಲಾ, ವಾಂಬ್ಯಾಟ್, ಪೋಸಮ್, ಬ್ಯಾಂಡಿಕೂಟ್, ಟಾಸ್ಮೇನಿಯನ್ ಡೆವಿಲ್ ಇವೆಲ್ಲ ಮಾರ್ಸೂಪಿಯಲ್ ಎಂಬ ಗುಂಪಿಗೆ ಸೇರಿದ ಸಸ್ತನಿಗಳು. ಲ್ಯಾಟಿನ್ ಭಾಷೆಯಲ್ಲಿ 'ಮಾರ್ಸೂಪಿಯಂ' ಎಂದರೆ ಚಿಕ್ಕ ಚೀಲ. ಈ ಗುಂಪಿನಲ್ಲಿ 300ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ಆಸ್ಟ್ರೇಲಿಯ ಮತ್ತು ನ್ಯೂಗಿನಿಯಲ್ಲಿವೆ. ಉಳಿದವು ಅಮೆರಿಕ ಖಂಡಗಳಲ್ಲಿವೆ.

ಇವುಗಳ ಮರಿ ಬಹಳ ಬೇಗ ಹುಟ್ಟುತ್ತದೆ. ಕೆಂಪು ಕಾಂಗರೂವಿನ ಗರ್ಭಾವಧಿ ಕೇವಲ 33 ದಿನ. ಹುಟ್ಟಿದ ಮರಿ ಸಣ್ಣ ಕಡಲೆಕಾಯಿಯಷ್ಟು ಉದ್ದ, ಒಂದು ಗ್ರಾಮಿಗಿಂತಲೂ ಕಡಿಮೆ ತೂಕ. ಅದಕ್ಕೆ ಕಣ್ಣು ಕಾಣದು, ಹಿಂಗಾಲುಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಆದರೂ ಅದು ಮುಂಗಾಲುಗಳಿಂದ ತಾಯಿಯ ತುಪ್ಪಳವನ್ನು ಹಿಡಿದು ತೆವಳುತ್ತ ಚೀಲವನ್ನು ಸೇರಿ, ಮೊಲೆತೊಟ್ಟನ್ನು ಕಚ್ಚಿಕೊಳ್ಳುತ್ತದೆ. ಅಲ್ಲಿಯೇ ಸುಮಾರು ಎಂಟು ತಿಂಗಳು ಬೆಳೆಯುತ್ತದೆ. ಈ ಚೀಲ ಇರುವುದು ಹೆಣ್ಣು ಕಾಂಗರೂವಿಗೆ ಮಾತ್ರ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಂಡೆಯಿಂದ ಪುಸ್ತಕಕ್ಕೆ

ಕಾಂಗರೂವನ್ನು ಮೊದಲು ಚಿತ್ರಿಸಿದವರು ಯುರೋಪಿನವರಲ್ಲ. ಆಸ್ಟ್ರೇಲಿಯದ ವಾಯವ್ಯ ಭಾಗದ ಕಿಂಬರ್ಲಿ ಪ್ರದೇಶದಲ್ಲಿ ಮೂಲನಿವಾಸಿಗಳು ಬಂಡೆಯ ಮೇಲೆ ಬರೆದ ಕಾಂಗರೂ ಚಿತ್ರವೊಂದು ಸುಮಾರು 17,000 ವರ್ಷ ಹಳೆಯದೆಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. 'ಕಾಂಗರೂ' ಎಂಬ ಪದವೂ ಆ ಜನರದೇ. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ದುರಸ್ತಿಗಾಗಿ ಈಶಾನ್ಯ ಕರಾವಳಿಯಲ್ಲಿ ನಿಂತಾಗ, ಅಲ್ಲಿನ ಗೂಗು ಯಿಮಿದಿರ್ ಭಾಷೆಯ 'ಗಂಗುರು' ಎಂಬ ಪದವನ್ನು ಅವನ ಜೊತೆಗಿದ್ದವರು ಬರೆದುಕೊಂಡರು. "ಇದರ ಹೆಸರೇನು ಎಂದು ಕೇಳಿದಾಗ 'ನನಗೆ ಗೊತ್ತಿಲ್ಲ' ಎಂದು ಉತ್ತರ ಬಂತಂತೆ, ಅದೇ ಹೆಸರಾಯಿತಂತೆ" ಎಂಬ ಹಾಸ್ಯದ ಕಥೆಯನ್ನು ನೀವು ಕೇಳಿರಬಹುದು. ಅದು ನಿಜವಲ್ಲ. ಗಂಗುರು ಎಂಬುದು ಒಂದು ದೊಡ್ಡ ಜಾತಿಯ ಕಾಂಗರೂವಿಗೆ ಅವರಿಟ್ಟ ಹೆಸರೇ ಆಗಿತ್ತು.

ಇಂಗ್ಲಿಷ್ ಮಕ್ಕಳ ಸಾಹಿತ್ಯದಲ್ಲಿ ಪ್ರಸಿದ್ಧವಾದ ಕಾಂಗರೂ ಕಥೆಗಳಲ್ಲೊಂದನ್ನು ಬರೆದವನು ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್. ಅವನ 'ಜಸ್ಟ್ ಸೋ ಸ್ಟೋರೀಸ್' ಪ್ರಕಟವಾದದ್ದು 1902ರಲ್ಲಿ. ಅದರಲ್ಲಿ ಜಂಬದ ಕಾಂಗರೂ ಒಂದು ದೇವತೆಗಳ ಬಳಿ ಹೋಗಿ, ತನ್ನನ್ನು ಎಲ್ಲ ಪ್ರಾಣಿಗಳಿಗಿಂತ ಬೇರೆಯಾಗಿ ಮಾಡಬೇಕೆಂದು ಬೇಡುತ್ತದೆ. ದೇವತೆಯೊಬ್ಬ ಡಿಂಗೋ ಎಂಬ ಕಾಡುನಾಯಿಯನ್ನು ಅದರ ಹಿಂದೆ ಅಟ್ಟುತ್ತಾನೆ. ಓಡಿ ಓಡಿ ಕಾಂಗರೂವಿನ ಹಿಂಗಾಲುಗಳು ಉದ್ದವಾಗುತ್ತವೆ. ವಿಜ್ಞಾನ ಹೇಳುವುದು ಬೇರೆ. ಡಿಂಗೋ ಆಸ್ಟ್ರೇಲಿಯಕ್ಕೆ ಬಂದು ಕೆಲವು ಸಾವಿರ ವರ್ಷಗಳಷ್ಟೇ ಆಗಿವೆ. ಕಾಂಗರೂಗಳು ಅದಕ್ಕೂ ಲಕ್ಷಾಂತರ ವರ್ಷ ಮೊದಲೇ ಕುಪ್ಪಳಿಸುತ್ತಿದ್ದವು. ಅವುಗಳ ಹಿಂಗಾಲಿನ ಸ್ನಾಯುಬಂಧಗಳು ಸ್ಪ್ರಿಂಗಿನಂತೆ ಕೆಲಸ ಮಾಡಿ, ಒಂದು ಜಿಗಿತದ ಶಕ್ತಿಯಲ್ಲಿ ಸ್ವಲ್ಪವನ್ನು ಮುಂದಿನ ಜಿಗಿತಕ್ಕೆ ಉಳಿಸಿಕೊಡುತ್ತವೆ. ಕಿಪ್ಲಿಂಗನ ಉತ್ತರ ತಮಾಷೆಯದು. ಆದರೆ "ಈ ಕಾಲು ಹೀಗೇಕಿದೆ?" ಎಂಬ ಅವನ ಪ್ರಶ್ನೆ ವಿಜ್ಞಾನಿಯದೇ.

ತಾಯಿಯ ಚೀಲ, ಮಗುವಿನ ಮನೆ

ಕಿಪ್ಲಿಂಗನಿಗಿಂತ ಮೂರು ವರ್ಷ ಮೊದಲು, 1899ರಲ್ಲಿ, ಎಥೆಲ್ ಪೆಡ್ಲಿ ಎಂಬ ಲೇಖಕಿಯ 'ಡಾಟ್ ಅಂಡ್ ದಿ ಕಾಂಗರೂ' ಹೊರಬಂದಿತು. ಆ ವೇಳೆಗೆ ಆಕೆ ತೀರಿಕೊಂಡಿದ್ದಳು. ಡಾಟ್ ಎಂಬ ಪುಟ್ಟ ಹುಡುಗಿ ಕಾಡಿನಲ್ಲಿ ದಾರಿ ತಪ್ಪುತ್ತಾಳೆ. ತನ್ನ ಮರಿಯನ್ನು ಕಳೆದುಕೊಂಡ ಕಾಂಗರೂ ತಾಯಿಯೊಂದು ಅವಳನ್ನು ಕಂಡು, ಖಾಲಿಯಾಗಿದ್ದ ಚೀಲದಲ್ಲಿ ಕೂರಿಸಿಕೊಂಡು ಮನೆಯನ್ನು ಹುಡುಕಿಕೊಂಡು ಹೊರಡುತ್ತದೆ. ಪ್ರಾಣಿಗಳ ಭಾಷೆ ತಿಳಿಯುವಂತೆ ಮಾಡುವ ಹಣ್ಣನ್ನು ತಿಂದ ಡಾಟ್, ಮನುಷ್ಯರು ತಮಗೆ ಏನೇನು ಮಾಡಿದರೆಂದು ಪ್ರಾಣಿಗಳ ಬಾಯಿಂದಲೇ ಕೇಳುತ್ತಾಳೆ. ಆಸ್ಟ್ರೇಲಿಯದ ಪ್ರಾಣಿಗಳು ಮನುಷ್ಯನ ಕ್ರೌರ್ಯದಿಂದ ನಾಶವಾಗುತ್ತಿವೆ, ಮಕ್ಕಳಾದರೂ ಅವುಗಳ ಮೇಲೆ ಕನಿಕರ ತೋರಲಿ ಎಂಬ ಆಸೆಯನ್ನು ಲೇಖಕಿ ಪುಸ್ತಕದ ಅರ್ಪಣೆಯಲ್ಲಿಯೇ ಹೇಳಿದ್ದಾಳೆ.

ಇಂಗ್ಲೆಂಡಿನ ಎ. ಎ. ಮಿಲ್ನ್ 1926ರಲ್ಲಿ ಬರೆದ 'ವಿನ್ನಿ ದಿ ಪೂ' ಪುಸ್ತಕದ ತಾಯಿ ಕಂಗಾ ಮತ್ತು ಮರಿ ರೂ ನಿಮಗೆ ಪರಿಚಿತವಾಗಿರಬಹುದು. ಕಾಂಗರೂ ಎಂಬ ಪದವನ್ನೇ ಎರಡಾಗಿ ಒಡೆದು ತಾಯಿಗೊಂದು, ಮಗನಿಗೊಂದು ಕೊಟ್ಟ ಜಾಣ್ಮೆ ಅದು. ಕಥೆಯನ್ನು ಗಮನವಿಟ್ಟು ಓದಿದರೆ ಅದರಲ್ಲಿ ಇನ್ನೊಂದು ವಿಷಯವಿದೆ. ಕಂಗಾ ಕಾಡಿಗೆ ಹೊಸಬಳಾಗಿ ಬಂದಾಗ ಮೊಲಕ್ಕೆ ಸಿಟ್ಟು ಬರುತ್ತದೆ. ಮಗುವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಈ ವಿಚಿತ್ರ ಪ್ರಾಣಿ ಇಲ್ಲಿಂದ ಹೋಗಲಿ ಎಂದು ಅದು ರೂವನ್ನು ಕದಿಯುವ ಉಪಾಯ ಹೂಡುತ್ತದೆ. ರೂವಿನ ಬದಲು ಪಿಗ್ಲೆಟ್ ಎಂಬ ಹಂದಿಮರಿ ಚೀಲದೊಳಗೆ ಕೂರುತ್ತದೆ. ಕಂಗಾ ಮೋಸವನ್ನು ಅರಿತರೂ ಅರಿಯದವಳಂತೆ ನಟಿಸಿ, ಹಂದಿಮರಿಯನ್ನು ಸೋಪು ಹಚ್ಚಿ ತಿಕ್ಕಿ ತೊಳೆದು ಔಷಧ ಕುಡಿಸುತ್ತಾಳೆ. ಕೊನೆಗೆ ಎಲ್ಲರೂ ಸ್ನೇಹಿತರಾಗುತ್ತಾರೆ. ನಿಮ್ಮ ತರಗತಿಗೆ ವರ್ಷದ ನಡುವೆ ಬೇರೆ ಊರಿನಿಂದ ಬಂದ ಹೊಸ ವಿದ್ಯಾರ್ಥಿಯನ್ನು ನೆನೆಸಿಕೊಳ್ಳಿ. ಈ ಕಥೆ ಅವನದೂ ಹೌದು.

ಇವು ಮೊದಲು ಮಿಲ್ನ್‌ನ ಮಗನ ಬೊಂಬೆಗಳಾಗಿದ್ದವು. ಆ ಕಂಗಾ ಬೊಂಬೆ ಇಂದು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ರೂ ಬೊಂಬೆ ಬಹಳ ಹಿಂದೆಯೇ ಸೇಬಿನ ತೋಟವೊಂದರಲ್ಲಿ ಕಳೆದುಹೋಯಿತು.

ಕೊಆಲಾ: ಸಮಯಕ್ಕೆ ಬಂದ ಕಥೆ

ಕೊಆಲಾವನ್ನು ಅನೇಕರು ಕರಡಿ ಎಂದು ಕರೆಯುತ್ತಾರೆ. ಅದು ಕರಡಿಯಲ್ಲ, ನೀಲಗಿರಿ ಜಾತಿಯ ಮರಗಳ ಎಲೆ ತಿಂದು ಬದುಕುವ ಹೊಟ್ಟೆಚೀಲದ ಪ್ರಾಣಿ. ನಾರ್ಮನ್ ಲಿಂಡ್ಸೆ 1918ರಲ್ಲಿ ಬರೆದ 'ದಿ ಮ್ಯಾಜಿಕ್ ಪುಡಿಂಗ್' ಕಥೆಯ ನಾಯಕ ಒಂದು ಸಭ್ಯ ಕೊಆಲಾ. ಎಷ್ಟು ತಿಂದರೂ ಮುಗಿಯದ ಒಂದು ಪುಡಿಂಗು, ಅದನ್ನು ಕದಿಯಲು ಹೊಂಚುಹಾಕುವ ಪೋಸಮ್ ಮತ್ತು ವಾಂಬ್ಯಾಟ್, ಇದೇ ಕಥೆ. ನಮಗೆ ದ್ರೌಪದಿಯ ಅಕ್ಷಯಪಾತ್ರೆ ನೆನಪಾಗುತ್ತದೆಯಲ್ಲವೆ?

ಆದರೆ ಪುಸ್ತಕದ ಹೊರಗೆ ಕೊಆಲಾಗಳ ಪಾಡು ಬೇರೆಯಾಗಿತ್ತು. ಅವುಗಳ ಮೆತ್ತನೆಯ ತುಪ್ಪಳಕ್ಕೆ ವಿದೇಶಗಳಲ್ಲಿ ಬೇಡಿಕೆಯಿತ್ತು. 1927ರ ಆಗಸ್ಟ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಬೇಟೆಗೆ ಅನುಮತಿ ನೀಡಿದಾಗ ಸುಮಾರು 6 ಲಕ್ಷ ಕೊಆಲಾಗಳು ಸತ್ತವು. ಜನರು ಸಿಡಿದೆದ್ದರು. ಆ ರಾಜ್ಯದಲ್ಲಿ ಮತ್ತೆ ಅಂಥ ಬೇಟೆ ನಡೆಯಲಿಲ್ಲ. ಆರು ವರ್ಷಗಳ ನಂತರ, 1933ರಲ್ಲಿ, ಡೊರೊಥಿ ವಾಲ್ ಎಂಬ ಲೇಖಕಿ ಬ್ಲಿಂಕಿ ಬಿಲ್ ಎಂಬ ತುಂಟ ಕೊಆಲಾ ಮರಿಯನ್ನು ಸೃಷ್ಟಿಸಿದಳು. ಚಡ್ಡಿ ತೊಟ್ಟು ಚೇಷ್ಟೆ ಮಾಡುವ ಈ ಮರಿಯ ಕಥೆಯ ಆರಂಭದಲ್ಲಿಯೇ ಅದರ ತಂದೆ ಬೇಟೆಗಾರನ ಗುಂಡಿಗೆ ಬಲಿಯಾಗುತ್ತದೆ. ನಗುತ್ತ ಓದುವ ಮಗು ಅಲ್ಲಿ ಒಂದು ಕ್ಷಣ ನಿಲ್ಲಲೇಬೇಕು. ಕೊಆಲಾ ಬೇಟೆ ತಪ್ಪು ಎಂಬುದು ಆ ದೇಶದ ಹಲವು ತಲೆಮಾರುಗಳ ಮಕ್ಕಳ ಮನಸ್ಸಿನಲ್ಲಿ ನಾಟಲು ಬ್ಲಿಂಕಿ ಬಿಲ್ ಕೂಡ ಕಾರಣ.

ಆದರೆ ಪ್ರೀತಿಯೊಂದೇ ಸಾಲದು. ಕಾಡು ಕಡಿಯುವುದು, ರೋಗ ಮತ್ತು ಕಾಳ್ಗಿಚ್ಚುಗಳಿಂದಾಗಿ 2022ರಲ್ಲಿ ಆಸ್ಟ್ರೇಲಿಯ ಸರ್ಕಾರ ಪೂರ್ವ ಕರಾವಳಿಯ ಮೂರು ಪ್ರಾಂತಗಳ ಕೊಆಲಾಗಳನ್ನು ಅಪಾಯದ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು.

ಪರದೆಯ ಮೇಲೆ

1968ರಿಂದ 1970ರವರೆಗೆ ಪ್ರಸಾರವಾದ 'ಸ್ಕಿಪ್ಪಿ' ಎಂಬ ದೂರದರ್ಶನ ಧಾರಾವಾಹಿಯಲ್ಲಿ ಕಾಂಗರೂವೇ ನಾಯಕಿ. 91 ಕಂತುಗಳ ಈ ಧಾರಾವಾಹಿ ಅನೇಕ ದೇಶಗಳನ್ನು ತಲುಪಿತು. ಸ್ಕಿಪ್ಪಿ ಬಾಗಿಲು ತೆರೆಯುತ್ತದೆ, ಅಪಾಯದಲ್ಲಿರುವವರ ಸುದ್ದಿ ತರುತ್ತದೆ, 'ಚ್ ಚ್' ಎಂದು ಮಾತನಾಡುತ್ತದೆ. ನಿಜ ಸಂಗತಿಯೆಂದರೆ ಕಾಂಗರೂವನ್ನು ನಾಯಿಯಂತೆ ಪಳಗಿಸುವುದು ಬಹಳ ಕಷ್ಟ. ಆದ್ದರಿಂದ ಹಲವು ಕಾಂಗರೂಗಳನ್ನು ಬಳಸಿದರು. ವಸ್ತುಗಳನ್ನು ಹಿಡಿಯುವ ದೃಶ್ಯಗಳಿಗೆ ಕೃತಕ ಕೈಗಳನ್ನು ಮಾಡಿಸಿದರು. ಆ 'ಚ್ ಚ್' ಸದ್ದು ಮನುಷ್ಯರದೇ.

ಅಮೆರಿಕದ ವಾರ್ನರ್ ಬ್ರದರ್ಸ್ ಕಂಪನಿಯ ಟಾಜ್ ಎಂಬ ಪಾತ್ರ ಮೊದಲು ಕಾಣಿಸಿಕೊಂಡದ್ದು 1954ರಲ್ಲಿ. ಸುಂಟರಗಾಳಿಯಂತೆ ಸುತ್ತುತ್ತ, ಎದುರಿಗೆ ಸಿಕ್ಕಿದ್ದನ್ನೆಲ್ಲ ನುಂಗುವ ಕಂದು ಬಣ್ಣದ ಪ್ರಾಣಿ ಅದು. ನಿಜವಾದ ಟಾಸ್ಮೇನಿಯನ್ ಡೆವಿಲ್ ಸಣ್ಣ ನಾಯಿಯ ಗಾತ್ರದ್ದು, ಕಪ್ಪು ಬಣ್ಣದ್ದು. ಅದು ಹೆಚ್ಚಾಗಿ ಸತ್ತ ಪ್ರಾಣಿಗಳನ್ನು ತಿಂದು ಕಾಡನ್ನು ಚೊಕ್ಕಟವಾಗಿಡುತ್ತದೆ. ಒಮ್ಮೆಗೆ ಇಪ್ಪತ್ತಕ್ಕೂ ಹೆಚ್ಚು ಮರಿಗಳು ಹುಟ್ಟಿದರೂ ತಾಯಿಗಿರುವುದು ನಾಲ್ಕೇ ಮೊಲೆತೊಟ್ಟು. ಉಳಿಯುವವು ಹೆಚ್ಚೆಂದರೆ ನಾಲ್ಕು.

1996ರಲ್ಲಿ ಈ ಪ್ರಾಣಿಗಳಲ್ಲಿ ಒಂದು ಭಯಂಕರ ರೋಗ ಕಂಡುಬಂತು. ಮುಖದ ಮೇಲೆ ಗಡ್ಡೆ ಬೆಳೆಯುವ ಈ ಕ್ಯಾನ್ಸರು ಕಚ್ಚಾಟದಿಂದ ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ. 2008ರ ವೇಳೆಗೆ ಡೆವಿಲ್ ಅಳಿವಿನ ಅಪಾಯದ ಪಟ್ಟಿ ಸೇರಿತು. ಆಗ ನೆರವಿಗೆ ಬಂದವರಲ್ಲಿ ಟಾಜ್ ಕೂಡ ಒಬ್ಬ! 2006ರಲ್ಲಿ ಟಾಜ್ ಬೊಂಬೆಗಳನ್ನು ಮಾರಿ, ಲಾಭವನ್ನು ರೋಗದ ಸಂಶೋಧನೆಗೆ ಬಳಸಲು ಕಂಪನಿ ಟಾಸ್ಮೇನಿಯ ಸರ್ಕಾರಕ್ಕೆ ಅವಕಾಶ ಕೊಟ್ಟಿತು. ಐವತ್ತು ವರ್ಷ ತನ್ನ ಹೆಸರನ್ನು ಕೆಡಿಸಿದ ಪಾತ್ರವೇ ಕೊನೆಗೆ ಪ್ರಾಣಿಯ ಸಾಲವನ್ನು ಸ್ವಲ್ಪವಾದರೂ ತೀರಿಸಿತು ಎನ್ನೋಣ.

ತಡವಾಗಿ ಬಂದ ಕಥೆ

ಟಾಸ್ಮೇನಿಯದಲ್ಲಿಯೇ ಇನ್ನೊಂದು ಪ್ರಾಣಿಯಿತ್ತು: ಥೈಲಸೀನ್. ನಾಯಿಯಂಥ ಮುಖ, ಬೆನ್ನ ಮೇಲೆ ಹುಲಿಯಂಥ ಪಟ್ಟೆ, ಹೊಟ್ಟೆಯಲ್ಲಿ ಚೀಲ. ಕುರಿಗಳನ್ನು ಕೊಲ್ಲುವ ದುಷ್ಟಪ್ರಾಣಿ ಎಂಬುದೊಂದೇ ಅದರ ಬಗ್ಗೆ ಹಬ್ಬಿದ್ದ ಕಥೆ. ಅದನ್ನು ನಂಬಿದ ಸರ್ಕಾರ 1888ರಿಂದ 1909ರವರೆಗೆ ಕೊಂದವರಿಗೆ ಬಹುಮಾನ ಕೊಟ್ಟಿತು. 2,000ಕ್ಕೂ ಹೆಚ್ಚು ಬಹುಮಾನಗಳನ್ನು ಹಂಚಲಾಯಿತು. 1917ರಲ್ಲಿ ಅದೇ ಪ್ರಾಣಿಯನ್ನು ರಾಜ್ಯದ ಲಾಂಛನದಲ್ಲಿ ಇಟ್ಟರು. 1936ರ ಜುಲೈನಲ್ಲಿ ಕಾನೂನಿನ ರಕ್ಷಣೆ ಕೊಟ್ಟರು. ಅದೇ ಸೆಪ್ಟೆಂಬರ್ 7ರಂದು, ಹೋಬಾರ್ಟ್ ಮೃಗಾಲಯದಲ್ಲಿ ನಮಗೆ ತಿಳಿದ ಕೊನೆಯ ಥೈಲಸೀನ್ ಸತ್ತಿತು. ರಕ್ಷಣೆ ಸಿಕ್ಕಿ ಎರಡು ತಿಂಗಳೂ ಆಗಿರಲಿಲ್ಲ.

ಇಂದು ಅದು ಎಲ್ಲರ ಮೆಚ್ಚಿನ ಪಾತ್ರ. 1999ರಲ್ಲಿ ಜೂಲಿಯಾ ಲೀ 'ದಿ ಹಂಟರ್' ಎಂಬ ಕಾದಂಬರಿಯಲ್ಲಿ ಕೊನೆಯ ಥೈಲಸೀನನ್ನು ಹುಡುಕುವ ಬೇಟೆಗಾರನ ಕಥೆ ಬರೆದಳು. 2011ರಲ್ಲಿ ಅದು ಚಲನಚಿತ್ರವಾಯಿತು. 2002ರಲ್ಲಿ ಟೈ ಎಂಬ ಥೈಲಸೀನ್ ವಿಡಿಯೋ ಆಟವೊಂದರ ಸಾಹಸಿ ನಾಯಕನಾದ. ಬ್ಲಿಂಕಿ ಬಿಲ್‌ನಂಥ ಒಂದು ಕಥೆ ಈ ಪ್ರಾಣಿಗೂ 1888ಕ್ಕೆ ಮೊದಲೇ ಸಿಕ್ಕಿದ್ದರೆ? ಈ ಪ್ರಶ್ನೆಗೆ ಉತ್ತರವಿಲ್ಲ, ಆದರೆ ಕೇಳಿಕೊಳ್ಳಬೇಕು.

ನಮ್ಮ ಹೆಗ್ಗಣದ ಹೆಸರು

1996ರಲ್ಲಿ ಬಂದ ಪ್ರಸಿದ್ಧ ವಿಡಿಯೋ ಆಟದ ನಾಯಕ ಕ್ರ್ಯಾಶ್ ಬ್ಯಾಂಡಿಕೂಟ್. ಈ ಹೆಸರಿಗೂ ನಮಗೂ ನಂಟಿದೆ. ತೆಲುಗಿನ 'ಪಂದಿಕೊಕ್ಕು', ಅಂದರೆ ಹಂದಿಯಿಲಿ, ಇಂಗ್ಲಿಷಿಗೆ ಹೋಗಿ 'ಬ್ಯಾಂಡಿಕೂಟ್' ಆಯಿತು. ಕನ್ನಡದಲ್ಲಿ ನಾವು ಅದನ್ನು ಹೆಗ್ಗಣ ಎನ್ನುತ್ತೇವೆ. ಆಸ್ಟ್ರೇಲಿಯಕ್ಕೆ ಹೋದ ಯುರೋಪಿನವರು ಚೂಪುಮೂತಿಯ, ನೆಲ ಕೆದಕುವ ಒಂದು ಹೊಟ್ಟೆಚೀಲದ ಪ್ರಾಣಿಗೆ ಅದೇ ಹೆಸರಿಟ್ಟರು. ಎರಡಕ್ಕೂ ರಕ್ತಸಂಬಂಧವೇನೂ ಇಲ್ಲ. ಪಟ್ಟೆಗಳಿರುವ ಒಂದು ಜಾತಿಯ ಬ್ಯಾಂಡಿಕೂಟ್ ಆಸ್ಟ್ರೇಲಿಯದ ಮುಖ್ಯ ಭೂಭಾಗದ ಕಾಡುಗಳಿಂದ ಪೂರ್ತಿ ಮರೆಯಾಗಿತ್ತು. ಸುಮಾರು ಮೂವತ್ತು ವರ್ಷಗಳ ಪ್ರಯತ್ನದಿಂದ ಅದು ಮತ್ತೆ ನೆಲೆಯೂರಿದೆ ಎಂದು 2021ರಲ್ಲಿ ಘೋಷಿಸಲಾಯಿತು.

ನೀವೇ ಪರೀಕ್ಷಿಸಿ

ಇನ್ನು ಮುಂದೆ ಕಾರ್ಟೂನಿನಲ್ಲೋ ಜಾಹೀರಾತಿನಲ್ಲೋ ಕಾಂಗರೂ ಕಂಡಾಗ ಈ ಪ್ರಶ್ನೆಗಳನ್ನು ಹಾಕಿಕೊಳ್ಳಿ. ಗಂಡು ಕಾಂಗರೂವಿಗೆ ಚೀಲ ಅಂಟಿಸಿದ್ದಾರೆಯೆ? ಕೊಆಲಾವನ್ನು ಕರಡಿ ಎಂದಿದ್ದಾರೆಯೆ? ಪ್ರಾಣಿಯನ್ನು ಸುಮ್ಮನೆ ದುಷ್ಟನೆಂದು ಹಣೆಪಟ್ಟಿ ಹಚ್ಚಿದ್ದಾರೆಯೆ?

ಕೊನೆಗೊಂದು ಒಗಟು. 2000ದ ಸಿಡ್ನಿ ಒಲಿಂಪಿಕ್ಸ್‌ನ ಲಾಂಛನ ಪ್ರಾಣಿಗಳು ಮೂರು: ಕೂಕಬರ ಹಕ್ಕಿ, ಪ್ಲಾಟಿಪಸ್ ಮತ್ತು ಎಕಿಡ್ನ. ಇವುಗಳಲ್ಲಿ ಮಾರ್ಸೂಪಿಯಲ್ ಯಾವುದು? ಉತ್ತರ: ಒಂದೂ ಅಲ್ಲ. ಕೊನೆಯ ಎರಡು ಮೊಟ್ಟೆಯಿಡುವ ಸಸ್ತನಿಗಳು. ತಪ್ಪು ಹೇಳಿದ್ದರೆ ಬೇಸರ ಬೇಡ.

ಈಗ ನಮ್ಮ ಸುತ್ತ ನೋಡಿ. ನಮ್ಮ ಕಾಡಿನ ಸೀಳುನಾಯಿ, ಬಯಲಿನ ತೋಳ, ಊರಂಚಿನ ಕತ್ತೆಕಿರುಬ ಇವುಗಳ ಬಗ್ಗೆ ನಾವು ಕೇಳಿ ಬೆಳೆದದ್ದು ಎಂಥ ಕಥೆಗಳನ್ನು? ಥೈಲಸೀನ್ ಬಗ್ಗೆ ಹಬ್ಬಿದ್ದಂಥವನ್ನೋ, ಕೊಆಲಾ ಬಗ್ಗೆ ಬರೆದಂಥವನ್ನೋ? ಹೊಸ ಕಥೆ ಬರೆಯಬೇಕಾದವರು ನೀವೇ. ತಡವಾಗುವ ಮೊದಲು ಬರೆಯಿರಿ.