ನೀರಿಗೆ ಬಿದ್ದವರಿಗೆ ಪ್ರಥಮ ಚಿಕಿತ್ಸೆ: ಪ್ರತಿ ಮನೆಗೂ ತಿಳಿದಿರಲಿ



ನಮ್ಮ ವಿದ್ಯಾರ್ಥಿವೇತನ ಪಡೆಯುವ ಮಕ್ಕಳು ನೀರಿನ ಬಳಿಯೇ ಬೆಳೆಯುವವರು. ಶೃಂಗೇರಿಯಲ್ಲಿ, ಕೊಪ್ಪ ತಾಲ್ಲೂಕಿನ ಹರಿಹರಪುರದಲ್ಲಿ ತುಂಗೆ. ನರಸಿಂಹರಾಜಪುರದಲ್ಲಿ ಭದ್ರಾ ಹಿನ್ನೀರು. ತೋಟಗಳಲ್ಲಿ ಕೆರೆ, ಕೃಷಿಹೊಂಡ. ಶುಲ್ಕ ಕಟ್ಟಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯದು ಎಂದು ಈ ಮಾಹಿತಿ ನೀಡುತ್ತಿದ್ದೇವೆ.

ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಧುಮುಕಬೇಡಿ. ಗಾಬರಿಯಲ್ಲಿ ಅವರು ತಬ್ಬಿಕೊಂಡರೆ ಇಬ್ಬರ ಜೀವಕ್ಕೂ ಅಪಾಯ. ದಡದಿಂದಲೇ ಉದ್ದನೆಯ ಕೋಲು, ಹಗ್ಗ, ಸೀರೆ ಅಥವಾ ದುಪಟ್ಟಾ ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ.

ಮೇಲೆ ತಂದವರನ್ನು ತಲೆಕೆಳಗಾಗಿ ಹಿಡಿಯುವುದು, ಗಿರಗಿರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ವಾಂತಿ ಶ್ವಾಸಕೋಶ ಸೇರಬಹುದು. ಅವರಿಗೆ ಮೊದಲು ಬೇಕಾದದ್ದು ಉಸಿರು.

ಪ್ರಜ್ಞೆ ಇಲ್ಲದೆ, ಉಸಿರಾಟವೂ ಸರಿಯಿಲ್ಲದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ 5 ಬಾರಿ ಊದಲಿ. ಬಳಿಕ ಎದೆಯ ನಡುವೆ 30 ಬಾರಿ ಒತ್ತಿ 2 ಬಾರಿ ಊದುವುದು, ಮತ್ತೆ 30, ಮತ್ತೆ 2. ವಯಸ್ಕರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಉಸಿರು ಮರಳುವವರೆಗೆ ಅಥವಾ ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗಿಡಿ. ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಕೆಲವು ಗಂಟೆಗಳ ನಂತರವೂ ಉಸಿರಾಟದ ತೊಂದರೆ ಕಾಣಿಸಬಹುದು.

ಮಲೆನಾಡಿನ ಒಳಹಳ್ಳಿಗೆ ಆಂಬುಲೆನ್ಸ್ ತಲುಪಲು ಸಮಯ ಹಿಡಿಯುತ್ತದೆ. ಆ ನಿಮಿಷಗಳು ದಡದಲ್ಲಿ ನಿಂತವರ ಕೈಯಲ್ಲಿವೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನ ಮನೆಮಂದಿಯೆಲ್ಲ ಕುಳಿತು ಇದನ್ನೂ ಒಮ್ಮೆ ಓದಬೇಕೆಂದು ಕೋರುತ್ತೇವೆ.