ಇಂಗ್ಲಿಷ್‌ನಲ್ಲಿ ‘ಸಹಾಯ ಮಾಡಲೇ?’ ಎಂದು ವಿನಯದಿಂದ ಕೇಳುವುದು ಹೇಗೆ?

ಅಂಗಡಿಗೆ ಬಂದವರನ್ನು ‘ಏನು ಬೇಕಿತ್ತು?’ ಎಂದು ಕನ್ನಡದಲ್ಲಿ ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಅದನ್ನೇ ಇಂಗ್ಲಿಷಿಗೆ ತಂದು ‘ವಾಟ್ ಡು ಯೂ ವಾಂಟ್?’ ಎಂದರೆ ಗದರಿಸಿದಂತೆ ಕೇಳಿಸುತ್ತದೆ. ಕಾಳಜಿಯ ‘ಏನು ತೊಂದರೆ?’ ಎಂಬ ಮಾತು ‘ವಾಟ್ ಈಸ್ ಯುವರ್ ಪ್ರಾಬ್ಲಮ್?’ ಆದಾಗ ಜಗಳಕ್ಕೆ ಕರೆದಂತಾಗುತ್ತದೆ. ಹೀಗೇಕೆ?

ವಿನಯ ಎಲ್ಲಿ ಅಡಗಿದೆ?

ಕನ್ನಡದಲ್ಲಿ ಗೌರವ ಕ್ರಿಯಾಪದದ ಕೊನೆಯಲ್ಲೇ ಇರುತ್ತದೆ. ‘ಹೇಳು’ ಎಂಬುದು ‘ಹೇಳಿ’ ಆದರೆ ಸಾಕು. ಇಂಗ್ಲಿಷ್‌ನಲ್ಲಿ ನೀನು, ನೀವು ಎರಡಕ್ಕೂ ‘ಯೂ’ ಒಂದೇ. ಹಾಗಾಗಿ ಅನುವಾದ ಮಾಡುವಾಗ ನಮ್ಮ ಗೌರವ ಉದುರಿಹೋಗುತ್ತದೆ. ಅದನ್ನು ವಾಕ್ಯದ ರೂಪದಲ್ಲಿ, ಮುಖ್ಯವಾಗಿ ಪ್ರಶ್ನೆಯ ರೂಪದಲ್ಲಿ, ಮತ್ತೆ ತುಂಬಬೇಕು.

ಭಾಷಾವಿಜ್ಞಾನಿಗಳಾದ ಪೆನೆಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1987ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಅವರ ಪ್ರಕಾರ ಪ್ರತಿಯೊಬ್ಬರಿಗೂ ಎರಡು ಬಯಕೆಗಳಿವೆ: ಇತರರು ತನ್ನನ್ನು ಮೆಚ್ಚಬೇಕು, ಮತ್ತು ತನ್ನ ಮೇಲೆ ಯಾರೂ ಒತ್ತಡ ಹೇರಬಾರದು. ಸಹಾಯ ಒಳ್ಳೆಯದೇ. ಆದರೂ ‘ನಿಮ್ಮಿಂದ ಇದು ಆಗುವುದಿಲ್ಲ’ ಎಂಬ ಸೂಚನೆ ಅದರಲ್ಲಿ ನುಸುಳಬಹುದು. ‘ಬೇಡ’ ಎನ್ನಲು ಜಾಗ ಬಿಟ್ಟು ಕೇಳುವುದೇ ವಿನಯ.

ಯಾವ ಸಂದರ್ಭಕ್ಕೆ ಯಾವ ಮಾತು?

* ಅಂಗಡಿ, ಕಚೇರಿಯಲ್ಲಿ: ‘ಹೌ ಕ್ಯಾನ್ ಐ ಹೆಲ್ಪ್ ಯೂ?’ ಅಥವಾ ಇನ್ನಷ್ಟು ಔಪಚಾರಿಕವಾಗಿ ‘ಮೇ ಐ ಹೆಲ್ಪ್ ಯೂ?’
* ಅಪರಿಚಿತರಿಗೆ: ‘ವುಡ್ ಯೂ ಲೈಕ್ ಸಮ್ ಹೆಲ್ಪ್?’ ಇದು ‘ಡು ಯೂ ನೀಡ್ ಹೆಲ್ಪ್?’ ಎನ್ನುವುದಕ್ಕಿಂತ ಮೃದು. ಅಗತ್ಯದ ಬದಲು ಇಷ್ಟವನ್ನು ಕೇಳುತ್ತದೆ.
* ಪರಿಚಿತರಿಗೆ: ‘ಶಾಲ್ ಐ ಕ್ಯಾರಿ ದಟ್?’ ನಮ್ಮ ‘ಹಿಡ್ಕೊಳ್ಲಾ?’ ಎಂಬುದಕ್ಕೆ ಇದು ಸರಿಸಾಟಿ. ಅಮೆರಿಕದಲ್ಲಿ ‘ಡು ಯೂ ವಾಂಟ್ ಮಿ ಟು ಕ್ಯಾರಿ ದಟ್?’ ಹೆಚ್ಚು ಬಳಕೆಯಲ್ಲಿದೆ.
* ಕಾಯಿಲೆ, ಸಾವಿನ ಮನೆಯಲ್ಲಿ: ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಯೋಚಿಸುವ ಹೊರೆ ಅವರದೇ ಆಗುತ್ತದೆ. ‘ಕ್ಯಾನ್ ಐ ಬ್ರಿಂಗ್ ಡಿನ್ನರ್ ಟುಮಾರೋ?’ ಎಂದು ನಿರ್ದಿಷ್ಟವಾಗಿ ಕೇಳಿ.

‘ಪ್ಲೀಸ್’ ಸೇರಿಸಿದರೆ ಸಾಕೇ?

ಇದು ತಪ್ಪು ಕಲ್ಪನೆ. ‘ಪ್ಲೀಸ್’ ಕೋರಿಕೆಯ ಪದ. ಸಹಾಯ ಮಾಡುವೆ ಎನ್ನುವಾಗ ಸಾಮಾನ್ಯವಾಗಿ ಅದು ಬರುವುದಿಲ್ಲ, ಸಹಾಯವನ್ನು ಒಪ್ಪುವಾಗ ಬರುತ್ತದೆ: ‘ಯೆಸ್, ಪ್ಲೀಸ್’. ಬೇಡವಾದರೆ ‘ನೋ, ಥ್ಯಾಂಕ್ಸ್’.

ಧ್ವನಿಯೂ ಮುಖ್ಯ. ಅನುಮಾನದ ದನಿಯಲ್ಲಿ ಹೇಳಿದ ‘ಕ್ಯಾನ್ ಐ ಹೆಲ್ಪ್ ಯೂ?’ ಎಂಬುದಕ್ಕೆ ‘ಇಲ್ಲೇನು ಕೆಲಸ ನಿಮಗೆ?’ ಎಂದೇ ಅರ್ಥ.

ಉತ್ತರಕ್ಕೆ ಕಾಯಿರಿ

ನಮ್ಮಲ್ಲಿ ಮೊದಲು ‘ಬೇಡ’ ಎನ್ನುವುದು, ನಂತರ ಒತ್ತಾಯಕ್ಕೆ ಮಣಿಯುವುದು ರೂಢಿ. ಇಂಗ್ಲಿಷ್‌ನಲ್ಲಿ ‘ಆರ್ ಯೂ ಶೂರ್?’ ಎಂದು ಒಮ್ಮೆ ಕೇಳಿ ಬಿಟ್ಟುಬಿಡುವುದು ಲೇಸು. ಕಣ್ಣು ಕಾಣದವರ ಕೈ ಹಿಡಿದು ಎಳೆಯುವುದು, ಕೇಳದೆಯೇ ಗಾಲಿಕುರ್ಚಿ ತಳ್ಳುವುದು ಅವರನ್ನು ಗಾಬರಿಗೊಳಿಸಬಹುದು, ಬೀಳಿಸಲೂಬಹುದು. ಯಾವ ಭಾಷೆಯಲ್ಲೇ ಆಗಲಿ, ಮೊದಲು ಕೇಳಿ. ಅವರು ಒಪ್ಪಿದ ಮೇಲೆ ಕೈ ಚಾಚಿ.