ಮಣಿಕಟ್ಟಿನೊಳಗೆ ಇಣುಕಿದವರು

1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಎಂಬ ಮೂಳೆವೈದ್ಯರು ಮೂತ್ರಕೋಶ ನೋಡುವ ಕೊಳವೆಯನ್ನು ಶವವೊಂದರ ಮಂಡಿಗೆ ತೂರಿಸಿ ಒಳಗೆ ಇಣುಕಿದರು. ಕ್ಷಯ ತಗುಲಿದ ಮಂಡಿ ಕಡೆಗೆ ಮಡಚಲಾಗದೆ ಸೆಟೆದು ನಿಲ್ಲುತ್ತಿತ್ತು. ನೆಲದ ಮೇಲೇ ಕೂತು ಏಳುವ ಜಪಾನಿನಲ್ಲಿ ಅದೇನು ಸಣ್ಣ ಕಷ್ಟವೆ? ರೋಗವನ್ನು ಬೇಗ ಹಿಡಿಯಬೇಕೆಂದು ಅವರು ಹಟ ಹಿಡಿದರು. 1920ರಲ್ಲಿ ಮಾಡಿಸಿದ ಕೊಳವೆ 7.3 ಮಿ.ಮೀ. ದಪ್ಪವಿದ್ದು ಉಪಯೋಗಕ್ಕೆ ಬರಲಿಲ್ಲ. 1931ಕ್ಕೆ 3.5ಕ್ಕೆ ಇಳಿಯಿತು. ಶಿಷ್ಯ ಮಸಾಕಿ ವತನಾಬೆ 1962ರಲ್ಲಿ ಮಂಡಿಯೊಳಗೆ ಹರಿದಿದ್ದ ಮೆದುಮೂಳೆಯನ್ನು ಆರ್ತ್ರೋಸ್ಕೋಪ್ ಎಂಬ ಈ ಕೊಳವೆಯಲ್ಲಿ ನೋಡುತ್ತಲೇ ಕತ್ತರಿಸಿ ತೆಗೆದರು. 1970ರಲ್ಲಿ ಬಂದ ಅವರ 24ನೇ ಮಾದರಿಯ ದಪ್ಪ ಬರೀ 1.7 ಮಿ.ಮೀ.

ಕೊಳವೆಯೇನೋ ಸಿದ್ಧವಾಯಿತು, ಅದು ಹೋಗಲು ಜಾಗ ಬೇಕಲ್ಲ! ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ಒತ್ತೊತ್ತಾಗಿ ಕೂತಿವೆ. 1979ರಲ್ಲಿ ಯುಂಗ್-ಚೆಂಗ್ ಚೆನ್ ಮಣಿಕಟ್ಟು, ಬೆರಳುಗಳ ಕೀಲುಗಳನ್ನು ಹೀಗೆ ನೋಡಿದ ಬಗ್ಗೆ ಬರೆದರು. ಅದನ್ನು ಆಪರೇಷನ್ ಥಿಯೇಟರಿನ ನಿತ್ಯದ ಕೆಲಸವಾಗಿಸಿದವರಲ್ಲಿ ಮುಖ್ಯರು 1980ರ ದಶಕದ ಟೆರ್ರಿ ವಿಪ್ಪಲ್, ಗ್ಯಾರಿ ಪೋಲಿಂಗ್, ಜೇಮ್ಸ್ ರಾತ್. ಉಪಾಯ ನೋಡಲು ಒರಟು: ಎಳೆದಷ್ಟೂ ಬಿಗಿಯುವ ಹೆಣಿಗೆಯ ಚೀಲಗಳನ್ನು ಬೆರಳಿಗೆ ತೊಡಿಸಿ, ಮುಂಗೈಯನ್ನು ನೆಟ್ಟಗೆ ನಿಲ್ಲಿಸಿ, ಸುಮಾರು ಐದು ಕಿಲೋ ಭಾರದಷ್ಟು ಎಳೆಯುವುದು. ಕೀಲು ಕೆಲವು ಮಿ.ಮೀ. ಬಾಯಿ ಬಿಡುತ್ತದೆ. ಮಣಿಕಟ್ಟಿನ ಹಿಂಬದಿಯಲ್ಲಿ, ಬೆರಳು ನೀಡಿಸುವ ಸ್ನಾಯುರಜ್ಜುಗಳ ನಡುವಿನ ಸಂದಿನಲ್ಲಿ ಕೊಳವೆ ಇಳಿಯುತ್ತದೆ. ರಜ್ಜುಗಳು ಸಾಗುವ ಮೂರನೇ ಮತ್ತು ನಾಲ್ಕನೇ ಓಣಿಗಳ ನಡುವೆ ಇರುವುದರಿಂದ ಆ ದ್ವಾರಕ್ಕೆ ಇಂದಿಗೂ 3-4 ಎಂದೇ ಹೆಸರು.

ಅಷ್ಟರಲ್ಲಿ ಒಳಗೆ ಏನನ್ನು ಹುಡುಕಬೇಕೆಂಬುದೂ ಸ್ಪಷ್ಟವಾಗಿತ್ತು. ಮುಂಗೈಯಲ್ಲಿ ಕಿರುಬೆರಳ ಕಡೆ ಇರುವ ಮೂಳೆಯ ತುದಿಗೆ ಹೊದಿಸಿದಂತಿರುವ ತ್ರಿಕೋನದ ಮೆದುಮೂಳೆ, ಅದರ ಸುತ್ತಲಿನ ಲಿಗಮೆಂಟುಗಳು ಎಲ್ಲ ಸೇರಿ ಒಂದೇ ಅಂಗವಾಗಿ ದುಡಿಯುತ್ತವೆಂದು 1981ರಲ್ಲಿ ಆಂಡ್ರ್ಯೂ ಪಾಮರ್ ಮತ್ತು ಫ್ರೆಡರಿಕ್ ವರ್ನರ್ ತೋರಿಸಿದ್ದರು. ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ. ಕೊಳವೆಯಲ್ಲಿ ನೋಡುತ್ತ ಕೊಕ್ಕೆಯಿಂದ ಒತ್ತಿದರೆ ಗಟ್ಟಿಯಿರುವುದು ಕಾಯಿಸಿದ ತಮಟೆಯ ಚರ್ಮದ ಹಾಗೆ ಪುಟಿಯುತ್ತದೆ, ಅಂಚು ಹರಿದಿದ್ದರೆ ಸುಮ್ಮನೆ ಕುಗ್ಗುತ್ತದೆ. ನನಗೆ ಈ ಕತೆಯಲ್ಲಿ ಕೊಳವೆಗಿಂತ ಆ ಕೊಕ್ಕೆಯೇ ಇಷ್ಟ, ಕಣ್ಣಿಗೆ ಸರಿಯಾಗಿ ಕಂಡದ್ದನ್ನೂ ಅದು ಮುಟ್ಟಿ ಪರೀಕ್ಷಿಸುತ್ತದೆ. ಹೊಲಿಯುವುದೋ ಬಿಡುವುದೋ ಎಂಬುದನ್ನು ರಕ್ತನಾಳಗಳು ನಿರ್ಧರಿಸುತ್ತವೆ. ಅಂಚಿಗೆ ರಕ್ತ ಹರಿಯುವುದರಿಂದ ಅಲ್ಲಿ ಹಾಕಿದ ಹೊಲಿಗೆ ಕೂಡುತ್ತದೆ. ನಡುಭಾಗಕ್ಕೆ ರಕ್ತವಿಲ್ಲ, ಹಾಗಾಗಿ ಅಲ್ಲಿನ ಹರಕನ್ನು ಸಾಮಾನ್ಯವಾಗಿ ಕತ್ತರಿಸಿ ನಯಮಾಡಿ ಬಿಡುತ್ತಾರೆ.